ಎಡತೋಳಿನ ಅಳತೆ

ಕುಷ್ಟಗಿ,
12 ಜೂನ್ 2025

ಪ್ರೀತಿಯ ರೂಪಕ್ಕ,

ಈ ಪತ್ರದ ಬೆನ್ನಿಗೇ ಒಂದು ಪಾರ್ಸೆಲ್ ಬರುತ್ತದೆ. ಅದನ್ನು ಬಿಚ್ಚುವ ಮೊದಲು ಇದನ್ನು ಓದು. ತಾಲೂಕು ಕಚೇರಿಯ ಟಪಾಲು ಮೇಜಿನಲ್ಲಿ ಕುಳಿತು ದಿನಕ್ಕೆ ಅರವತ್ತು ಲಕೋಟೆಗೆ ಅಂಟು ಹಚ್ಚುವವಳು ನಾನು, ನಿನ್ನದೊಂದಕ್ಕೆ ಮಾತ್ರ ಮನಸ್ಸಿಟ್ಟು ಹಚ್ಚುತ್ತೇನೆ. ಫೋನ್ ಮಾಡಬಹುದಿತ್ತು. ಆದರೆ ಡಯಾಲಿಸಿಸ್ ಹಾಸಿಗೆಯಲ್ಲಿ ನಾಲ್ಕು ತಾಸು ಬಿದ್ದುಕೊಂಡಿರುವಾಗ ಓದಲು ಏನಾದರೂ ಬೇಕು ಎಂದು ನೀನೇ ಹೇಳಿದ್ದೆ. ನಾನು ಆ ವಾರ್ಡು ಬಿಟ್ಟು ಬಂದ ದಿನದಿಂದ ಈ ಪದ್ಧತಿ ತಪ್ಪಿಸಿಲ್ಲ.

ಸುದ್ದಿ ಏನೆಂದರೆ, ನನ್ನ ಮದುವೆ ಗೊತ್ತಾಗಿದೆ. ಮೂವತ್ತೊಂದನೇ ವಯಸ್ಸಿಗೆ! ಹುಡುಗ ಗೌರೀಶ, ಯಲಬುರ್ಗಾದ ಪಶು ಆಸ್ಪತ್ರೆಯಲ್ಲಿ ಕೆಲಸ. ಅವ್ವ ನನಗೆ ಕಿಡ್ನಿ ಕೊಟ್ಟದ್ದು, ದಿನಾ ಗುಳಿಗೆ ನುಂಗುವುದು, ಎಲ್ಲ ಹೇಳಿದ್ದೇವೆ. ಎಲ್ಲ ಕೇಳಿ ಅವರು, "ಗುಳಗಿ ಟೈಮಿಗೆ ನಾ ಎಬ್ಬಸ್ತೀನಿ ಬಿಡ್ರಿ, ನನಗ ಎಮ್ಮಿ ಸಲುವಾಗಿ ಏಳೋದು ರೂಢಿ ಐತಿ" ಅಂದರು. ಅವ್ವ ಅಡುಗೆ ಮನೆಗೆ ಹೋಗಿ ಅತ್ತಳು.

ಮದುವೆ ನವೆಂಬರ್ 23ಕ್ಕೆ. ಪಾರ್ಸೆಲ್‌ನಲ್ಲಿ ಹಸಿರು ರೇಷ್ಮೆ ಬಟ್ಟೆ ಇದೆ. ಧಾರೆಗೆ ನೀನು ಹೊಲಿದ ಜಂಪರನ್ನೇ ಹಾಕಿಕೊಳ್ಳುವವಳು ನಾನು, ಇನ್ನೊಬ್ಬ ದರ್ಜಿಯ ಕೈಗೆ ಮೈ ಅಳತೆ ಕೊಡುವುದಿಲ್ಲ. ಅಳತೆ ನಿನ್ನ ಪುಸ್ತಕದಲ್ಲಿದೆ. ಒಂದೇ ಬದಲಾವಣೆ. ತೋಳು ಈ ಸಲ ಮುಂಗೈವರೆಗೆ ಬೇಡ, ಮೊಳಕೈ ಮೇಲೆ ನಿಲ್ಲಲಿ. ಮತ್ತೆ ಎರಡೂ ತೋಳು ಒಂದೇ ಅಳತೆ ಇರಲಿ.

ಮರಿಸ್ವಾಮಿ ಅಣ್ಣನಿಗೆ ನಮಸ್ಕಾರ ಹೇಳು.

ನಿನ್ನ,
ನಾಲ್ಕನೇ ಹಾಸಿಗೆ
(ಶ್ವೇತಾ)


ಕೊಪ್ಪಳ, ಆಸ್ಪತ್ರೆಯಿಂದ
20 ಜೂನ್ 2025

ಕಳ್ಳಿ ಶ್ವೇತಾ,

ಮೊದಲು ಖುಷಿ ಪಟ್ಟೆ. ನಿನ್ನ ಗೌರೀಶನ ಮಾತನ್ನು ಇಡೀ ವಾರ್ಡಿಗೆ ಓದಿ ಹೇಳಿದೆ. ನಮ್ಮ ಸಿದ್ದೇಶ ಯಂತ್ರದ ಗುಂಡಿ ಒತ್ತುವುದನ್ನೂ ಮರೆತು ನಕ್ಕ. ನಾಹೀದಾ ಸಿಸ್ಟರ್ ಅಂತೂ, "ನಮ್ಮ ವಾರ್ಡಿಂದ ಹೆಣಾನೂ ಹೋಗ್ಯಾವ, ಮದುಮಗಳು ಹೋಗಿದ್ದು ಇದೊಂದ ನೋಡ್ರಿ" ಅಂದಳು. ಅವಳ ಬಾಯಿಗೆ ಬೀಗವಿಲ್ಲ, ನಿನಗೆ ಗೊತ್ತಲ್ಲ.

ಆಮೇಲೆ ನಿನ್ನ ಕೊನೆಯ ಸಾಲು ಎರಡನೇ ಸಲ ಓದಿದೆ. ಎರಡೂ ತೋಳು ಒಂದೇ ಅಳತೆ! ದರ್ಜಿಗೆ ಅಳತೆ ಹೇಳಿದರೆ ಮನೆಯ ಕಥೆಯನ್ನೆಲ್ಲ ಹೇಳಿದ ಹಾಗೆ. ಯಾರು ಬಸುರಿ, ಯಾರು ಸೊರಗಿದಳು, ಎಲ್ಲ ನಮಗೆ ಟೇಪಿನಲ್ಲೇ ತಿಳಿಯುತ್ತದೆ. ಎಂಟು ವರ್ಷದಿಂದ ನಿನ್ನ ಎಡತೋಳನ್ನು ಎರಡು ಇಂಚು ಸಡಿಲ ಹೊಲಿಯುತ್ತಿರುವವಳು ನಾನು. ಯಂತ್ರದ ದಪ್ಪ ಸೂಜಿ ತಾಳಲೆಂದು ರಕ್ತನಾಳ ಎರಡು ಕೂಡಿಸಿ ಹೊಲಿದ ಆ ಫಿಸ್ಟುಲಾ, ಮುಂಗೈಯಿಂದ ಮೊಳಕೈವರೆಗೆ ಹಗ್ಗದಂತೆ ಉಬ್ಬಿದ್ದು, ಅದು ತನ್ನಷ್ಟಕ್ಕೆ ಎರಡು ಇಂಚು ಇಳಿಯುವುದಿಲ್ಲ. ಅದನ್ನು ಕೊಯ್ಸಿ ತೆಗೆಸಲು ಹೊರಟಿದ್ದೀ. ಹೌದೋ ಅಲ್ಲವೋ?

ಹೊಳೆ ದಾಟಿದ ಮೇಲೆ ಅಂಬಿಗ ಮಿಂಡ ಅನ್ನುತ್ತಾರಲ್ಲ, ನಿನ್ನ ನಡತೆ ಹಾಗಾಯಿತು. ಎರಡು ವರ್ಷ ನಿನ್ನನ್ನು ಬದುಕಿಸಿದ್ದು ಆ ಕೈ. ನಿಮ್ಮವ್ವನ ಕಿಡ್ನಿ ಛಲೋ ಇದೆ, ಇನ್ನೂ ಇಪ್ಪತ್ತು ವರ್ಷ ಇರಲಿ. ಆದರೆ ಅದು ಕೈಕೊಟ್ಟ ದಿನ ಎಲ್ಲಿಗೆ ಹೋಗುತ್ತೀ? ನನ್ನನ್ನು ನೋಡು. ಎಡಗೈ ಹೋಯಿತು, ಬಲಗೈಯಲ್ಲಿ ಮಾಡಿದ್ದು ನಿಲ್ಲಲಿಲ್ಲ, ಈಗ ಕುತ್ತಿಗೆಯಲ್ಲಿ ನಳಿಕೆ ಇಟ್ಟಿದ್ದಾರೆ. ತಲೆ ಮೇಲೆ ನೀರು ಹಾಕಿಕೊಳ್ಳುವಂತಿಲ್ಲ, ತಿಂಗಳಿಗೊಮ್ಮೆ ಚಳಿಜ್ವರ. ನಮ್ಮ ಮನೆಯವರು ಈಗಲೂ ಸಿದ್ದೇಶನ ಮುಖ ನೋಡುವುದಿಲ್ಲ. ಅವನ ಸೂಜಿಯಿಂದಲೇ ನನ್ನ ಕೈ ಕೆಟ್ಟಿತೆಂದು ಇವರ ನಂಬಿಕೆ.

ನಿನ್ನ ಬಟ್ಟೆ ವಾಪಸು ಕಳಿಸುವುದಿಲ್ಲ. ಕತ್ತರಿಯನ್ನೂ ಹಾಕುವುದಿಲ್ಲ. ಸರಿಯಾದ ಅಳತೆ ಬರೆದು ಕಳಿಸು.

ನಿನ್ನ ಕೈಯೊಳಗೆ ಗುಂಯ್‌ಗುಡುವ ಆ ದುಂಬಿಗೆ ನನ್ನ ಮುತ್ತು.

ಐದನೇ ಹಾಸಿಗೆ
(ರೂಪಾ)


ಕುಷ್ಟಗಿ,
3 ಜುಲೈ 2025

ರೂಪಕ್ಕ,

ಹೌದು, ತೆಗೆಸಲು ಹೊರಟಿದ್ದೇನೆ. ನಿನಗೆ ನೇರವಾಗಿ ಹೇಳಲು ಹೆದರಿಕೆಯಾಗಿ ಅಳತೆಯಲ್ಲಿ ಹೇಳಿದೆ.

ಗೌರೀಶರ ತಾಯಿ ದುರಗಮ್ಮನವರು ನಮ್ಮ ಮನೆಗೆ ಬಂದಿದ್ದರು. ಚಹಾ ಕೊಡುವಾಗ ತೋಳು ಮೇಲೆ ಸರಿಯಿತು. ಅವರು ಬೈಯಲಿಲ್ಲ, ಮುಖ ಕಿವುಚಲಿಲ್ಲ. ಬೆರಳಿನಿಂದ ಮೆಲ್ಲಗೆ ಮುಟ್ಟಿದರು. ಒಳಗೆ ಅದು ಗುಂಯ್ ಅನ್ನುವುದು ತಾಗಿ ಕೈ ಹಿಂದೆ ತೆಗೆದುಕೊಂಡರು. "ಗುಣಾ ಆತಲ್ಲವ್ವಾ, ಇನ್ನ ಈ ಗುರ್ತು ಯಾಕ ಇಟ್ಕೊಂಡಿ?" ಅಂದರು. ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಈ ಮಾತಿಗೆ ತೋಳು ಕೆಳಗೆಳೆದುಕೊಂಡು ಒಳಗೆ ಹೋದೆ.

ಅವರಿಗಾಗಿ ಅಲ್ಲ ಅಕ್ಕ, ನನಗಾಗಿ. ಈ ಸೀಮೆಯ ಬಿಸಿಲಿನಲ್ಲಿ ಎಂಟು ವರ್ಷದಿಂದ ಉದ್ದ ತೋಳು ಹಾಕಿದ್ದೇನೆ. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯುವುದಿಲ್ಲ, ತೋಳು ಜಾರುತ್ತದೆಂದು. ಕಚೇರಿಗೆ ಬಂದ ಒಬ್ಬ ಮುದುಕ, "ಹಾವು ಕಡದಿತ್ತೇನ ತಂಗಿ?" ಅಂತ ಕೇಳಿದ. ಮದುವೆಯ ಹಿಂದಿನ ದಿನ ಬಳೆಗಾರ್ತಿ ಬಂದು ಕೂರುತ್ತಾಳೆ. ನನ್ನ ಬಲಗೈ ತುಂಬ ಹಸಿರು ಬಳೆ, ಬಿಗಿ ತಾಗಬಾರದ ಎಡಗೈ ಬೋಳು. ಆ ಹಸೆಯ ಮೇಲೆ ಹಾಗೆ ಕೂತವಳನ್ನು ಊರು ಏನೆನ್ನುತ್ತದೆ ಎಂದು ನಿನಗೆ ಹೇಳಬೇಕೇ? ನನಗೂ ಆಸೆ ಇದೆ. ಎರಡೂ ಕೈಗೆ ಬಳೆ ತೊಡುವ ಆಸೆ. ಇಷ್ಟೇ. ಇದು ದೊಡ್ಡದೇ?

ಆ ಕೈ ಉಳಿಸಿಕೊಂಡರೆ ಅವ್ವನ ಕಿಡ್ನಿ ಹೋಗುವುದನ್ನು ಬಾಗಿಲಲ್ಲಿ ಕಾಯುತ್ತಾ ಕೂತಂತೆ ಅನ್ನಿಸುತ್ತದೆ ನನಗೆ. ನಿನ್ನ ಕೈಯ ದುಂಬಿ ಸತ್ತಿತೆಂದು ನನ್ನ ಕೈಯದನ್ನು ನಾನು ಜೀವಮಾನವೆಲ್ಲ ಸಾಕಬೇಕೇ? ನೀನು ವಾರ್ಡಿನಲ್ಲೇ ಉಳಿದೆಯೆಂದು ನನಗೂ ಅಲ್ಲೊಂದು ಹಾಸಿಗೆ ಹಿಡಿದಿಡುತ್ತೀಯಾ?

ಹೊಲಿಯಲು ಮನಸ್ಸಿಲ್ಲದಿದ್ದರೆ ಬಟ್ಟೆ ವಾಪಸು ಕಳಿಸು.

ಶ್ವೇತಾ


ಕುಷ್ಟಗಿ,
10 ಆಗಸ್ಟ್ 2025

ರೂಪಕ್ಕ,

ಐದು ವಾರವಾಯಿತು. ಕಚೇರಿಗೆ ಬರುವ ಟಪಾಲು ಚೀಲ ನನ್ನ ಮೇಜಿಗೇ ಬರುತ್ತದೆ. ದಿನಾ ಅದನ್ನು ಸುರಿದು ಮೊದಲು ನಿನ್ನ ಅಕ್ಷರ ಹುಡುಕುತ್ತೇನೆ. ಪಂಚಮಿಗೆ ಕಳಿಸಿದ ಉಂಡಿಯ ಡಬ್ಬಿ ಮುಟ್ಟಿತೋ ಇಲ್ಲವೋ ಅದೂ ಗೊತ್ತಿಲ್ಲ. ನಿನಗೆ ತಿನ್ನಬಾರದೆಂದು ಗೊತ್ತು. ಅಣ್ಣ ತಿನ್ನಲಿ, ನೀನು ಎದುರು ಕೂತು ಬೈ ಎಂದು ಕಳಿಸಿದ್ದೆ.

ಆ ಹಾಸಿಗೆಯ ಮಾತು ಬರೆಯಬಾರದಿತ್ತು. ಬರೆದು, ಅಂಟು ಹಚ್ಚಿ, ಮುದ್ರೆ ಒತ್ತಿ, ಚೀಲಕ್ಕೆ ಹಾಕಿದೆ. ಅಷ್ಟು ಹೊತ್ತಿನಲ್ಲಿ ಒಂದು ಸಲವೂ ನನ್ನ ಕೈ ತಡೆಯಲಿಲ್ಲ. ತಪ್ಪಾಯಿತು. ಡಯಾಲಿಸಿಸ್‌ನ ಮೊದಲ ದಿನ ನಾನು ಹೆದರಿ ಹಾಸಿಗೆಯಲ್ಲೇ ಉಚ್ಚೆ ಹೊಯ್ದುಕೊಂಡಾಗ ನಿನ್ನ ಸೀರೆಯ ಸೆರಗಿನಿಂದ ನನ್ನನ್ನು ಮುಚ್ಚಿದವಳು ನೀನು. ನಿನಗೆ ನಾನು ಹಾಗೆ ಬರೆದೆ.

ಹುಬ್ಬಳ್ಳಿಗೆ ಹೋಗಿದ್ದೆ. ಅಲ್ಲಿಯ ಸರ್ಜನ್ ಕೈ ತಿರುಗಿಸಿ ನೋಡಿದರು. "ನೋವೈತೇನು? ರಕ್ತ ಸೋರ್ತೈತೇನು?" ಅಂದರು. ಇಲ್ರೀ ಅಂದೆ. "ಹಂಗಾದ್ರ ಇದು ಚಂದಕ್ಕ ಮಾಡಸ್ಕೊಳ್ಳೋ ಆಪರೇಷನ್ನು, ಜೀವಕ್ಕ ಬೇಕಾದದ್ದಲ್ಲ. ನಾಳೆ ಕಿಡ್ನಿ ಬಿದ್ರ ನಿಮಗ ಈ ಕೈನ ಗತಿ. ನಾನಂತೂ ಬ್ಯಾಡ ಅಂತೀನಿ. ಮಾಡಬೇಕಂದ್ರ ಮಾಡ್ತೀನಿ, ಸಹಿ ನಿಮ್ದು" ಅಂದರು. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.9 ಬಂದಿದೆ. ಹೋದ ವರ್ಷ 1.3 ಇತ್ತು. ಬಿಸಿಲಿಗೆ ನೀರು ಕಡಿಮೆಯಾಗಿ ಏರಿರಬೇಕು ಎಂದುಕೊಂಡಿದ್ದೇನೆ. ನೀನು ನಂಬುವುದಿಲ್ಲ, ಗೊತ್ತು.

ಅವ್ವನ ಮುಂದೆ ಆ ಅಂಕಿ ಹೇಳಿಲ್ಲ. ಕೈಯ ಉಬ್ಬು ತೆಗೆಸುತ್ತೇನೆ ಎಂದಾಗ ಅವಳ ಮುಖ ಅರಳಿದ್ದು ನೋಡಬೇಕಿತ್ತು. "ಮಾಡಸ್ಕೋ. ನನ್ನ ಕಿಡ್ನಿ ಅದು, ಗಂಗಾವತಿ ಗದ್ದ್ಯಾಗ ನಾಟಿ ಹಚ್ಚಿದ ಮೈಯಾಗಿಂದು. ನೂರು ವರ್ಷ ಬರ್ತೈತಿ" ಅಂದಳು. ಈಗ ಬೇಡವೆಂದರೆ ಅವಳು ಯಾಕೆ ಎಂದು ಕೇಳುತ್ತಾಳೆ. ಏನು ಹೇಳಲಿ? ನೀ ಕೊಟ್ಟದ್ದು ಸವೆಯುತ್ತಿದೆ ಅನ್ನಲೇ?

ದಸರಾ ಮುಗಿದ ಮೇಲೆ ಮಾಡಿಸೋಣ ಎಂದಿದ್ದೇನೆ. ಅಷ್ಟರೊಳಗೆ ಒಂದು ಸಾಲು ಬರೆ. ಬೈದಾದರೂ ಬರೆ.

ನಿನ್ನ,
ನಾಲ್ಕನೇ ಹಾಸಿಗೆ


ಕೊಪ್ಪಳ, ಆಸ್ಪತ್ರೆಯಿಂದ
15 ಸೆಪ್ಟೆಂಬರ್ 2025

ಶ್ವೇತಾ,

ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಹಾಸಿಗೆಯ ಮಾತಿಗಲ್ಲ. ಅದು ನಿಜವೇ, ನನ್ನ ಮೂಗಿನ ತುದಿಯಲ್ಲೇ ಇರುವ ನಿಜ. ನಿನ್ನ ಇನ್ನೊಂದು ಸಾಲು ನನ್ನನ್ನು ಚುಚ್ಚಿತು. ಎರಡೂ ಕೈಗೆ ಬಳೆ ತೊಡುವ ಆಸೆ, ಇದು ದೊಡ್ಡದೇ ಅಂದೆಯಲ್ಲ, ಅದು. ಎರಡು ತಿಂಗಳು ಅದನ್ನೇ ಮೆಲುಕು ಹಾಕಿದೆ. ನಡುವೆ ಜ್ವರ ಬಂದು ಹದಿನೈದು ದಿನ ಇಲ್ಲೇ ಮಲಗಿದ್ದೆ. ಕುತ್ತಿಗೆಯ ನಳಿಕೆ ಕೀವು ಕಟ್ಟಿತ್ತು. ಈಗ ತೊಡೆಗೆ ಹಾಕಿದ್ದಾರೆ. ನಡೆಯಲು ಬರುವುದಿಲ್ಲ.

ಒಂದು ಮಾತು ಹೇಳುತ್ತೇನೆ. ಇವರಿಗೂ ಗೊತ್ತಿಲ್ಲ. ಮನೆಗೆ ಇರುವುದೊಂದು ಫೋನು, ಅದು ಇವರ ಕಿಸೆಯಲ್ಲಿ. ಅದಕ್ಕೇ ಕಾಗದದಲ್ಲಿ ಹೇಳುತ್ತಿದ್ದೇನೆ.

ನನ್ನ ಕೈಯನ್ನು ಕೆಡಿಸಿದ್ದು ಸಿದ್ದೇಶನ ಸೂಜಿಯಲ್ಲ.

ಮೂರು ವರ್ಷದ ಹಿಂದೆ ನನ್ನ ನಾದಿನಿ ರೇಣುಕಾಳ ಮದುವೆ. ಮನೆಗೆ ಹಿರಿ ಸೊಸೆ ನಾನು. ಬಳೆ ಇಡಿಸಲು ಸರ್ದಾರಬೀ ಬಂದು ಪಡಸಾಲೆಯಲ್ಲಿ ಕೂತಿದ್ದಳು. ಹೆಂಗಸರೆಲ್ಲ ಒಬ್ಬೊಬ್ಬರಾಗಿ ಕೈ ಕೊಟ್ಟರು. ನಾನು ಬಲಗೈ ತುಂಬಿಸಿಕೊಂಡು ಏಳಹೋದೆ. ಅವಳು ಸೆರಗು ಹಿಡಿದು, "ಮುತ್ತೈದಿ ಒಂದ ಕೈ ಬೋಳ ಬಿಟ್ಟು ಎದ್ರ ನನ್ನ ಕೈಗುಣಾ ಹೋಗ್ತೈತಿ ತಂಗಿ, ಕುಂದ್ರು" ಅಂದಳು. ಅವಳದೇನು ತಪ್ಪು? ಉದ್ದ ತೋಳಿನೊಳಗೆ ಏನಿದೆ ಎಂದು ಅವಳಿಗೆ ನಾನು ತೋರಿಸಿರಲೇ ಇಲ್ಲ. ಬೀಗರ ಹೆಂಗಸರೆಲ್ಲ ನೋಡುತ್ತಿದ್ದರು. ಒಂದು ದಿನಕ್ಕೆ ಏನಾಗುತ್ತದೆ ಎಂದುಕೊಂಡು ಕೂತೆ. ಹನ್ನೆರಡು ಗಾಜಿನ ಬಳೆ. ಬಿಗಿಯಾಗಿದ್ದವು. ಚಂದ ಕಂಡವು ಶ್ವೇತಾ. ಐದು ವರ್ಷದ ಮೇಲೆ ನನ್ನ ಕೈ ಹೆಂಗಸಿನ ಕೈಯಾಗಿ ಕಂಡಿತು. ಕೆಲಸದ ನಡುನಡುವೆ ಸುಮ್ಮನೆ ಕೈ ಎತ್ತಿ ಸಪ್ಪಳ ಮಾಡುತ್ತಿದ್ದೆ.

ಮರುದಿನ ಬೆಳಿಗ್ಗೆ ಎದ್ದಾಗ ಕೈ ಬಾತಿತ್ತು. ಕಿವಿಗೆ ಹಿಡಿದೆ. ದುಂಬಿ ಇರಲಿಲ್ಲ.

ಆಗಲೇ ಬಳೆ ಒಡೆದು ಕೊಪ್ಪಳಕ್ಕೆ ಓಡಿದ್ದರೆ ಉಳಿಯುತ್ತಿತ್ತೇನೋ. ಸಪ್ಪಳ ನಿಂತರೆ ನಾಲ್ಕಾರು ತಾಸಿನೊಳಗೆ ಬನ್ನಿ ಎಂದು ಡಾಕ್ಟರು ನಮಗೆಲ್ಲ ಹೇಳಿಯೇ ಇದ್ದರಲ್ಲ. ಆದರೆ ಅಷ್ಟು ಬಿಗಿ ಬಳೆ ಬಾತ ಕೈಯಿಂದ ಬಿಚ್ಚಲು ಬರುವುದಿಲ್ಲ, ಒಡೆಯಬೇಕು. ಮದುವೆ ಮನೆ, ಬಾಗಿಲಲ್ಲಿ ಹಂದರ, ಎದುರಿಗೆ ಗಂಡ ಓಡಾಡುತ್ತಿದ್ದಾನೆ. ಹಸಿರು ಬಳೆ ನಾನೇ ಕಲ್ಲು ತೆಗೆದುಕೊಂಡು ಒಡೆಯಲೇ? ಬಳೆ ಒಡೆಯುವುದು ಯಾವಾಗ ಎಂದು ನಿನಗೆ ಗೊತ್ತಲ್ಲ. ಕಲ್ಲು ಕೈಗೆ ತೆಗೆದುಕೊಂಡೆ. ಅಷ್ಟರಲ್ಲಿ ಇವರು ಹಿತ್ತಲಿಗೆ ಬಂದು ನಕ್ಕು, "ಏನ ಮಾಡಾಕತ್ತಿ? ಬಾ, ಬೀಗ್ರಿಗೆ ಎಲಿ ಹಾಕ್ಬೇಕು" ಅಂದರು. ಕಲ್ಲು ಕೆಳಗಿಟ್ಟೆ. ದಿಬ್ಬಣ ಹೋದ ಮೇಲೆ, ಎರಡನೇ ದಿನ, ಬಾವು ಸ್ವಲ್ಪ ಇಳಿದಾಗ, ಸಾಬೂನು ಹಚ್ಚಿ ಒಂದೊಂದಾಗಿ ಜಾರಿಸಿ ತೆಗೆದೆ. ಒಂದೂ ಒಡೆಯಲಿಲ್ಲ. ಕೈ ಹೋಗಿತ್ತು.

ಸಿದ್ದೇಶ ಹಿಂದಿನ ವಾರ ಸೂಜಿ ಹಾಕುವಾಗ ಸ್ವಲ್ಪ ರಕ್ತ ಕಟ್ಟಿತ್ತು. ಇವರು ಅದನ್ನೇ ಹಿಡಿದು ವಾರ್ಡಿನಲ್ಲಿ ಅವನ ಕೊರಳಪಟ್ಟಿಗೆ ಕೈ ಹಾಕಿದರು. ನಾನು ಹಾಸಿಗೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ. ಮೂರು ವರ್ಷವಾಯಿತು, ಆ ಹುಡುಗ ನನಗೆ ದಿಂಬು ಎತ್ತರಿಸಿ ಕೊಡುತ್ತಾನೆ. ಮುಂದಿನ ಸೋಮವಾರ ಅವನಿಗೆ ಹೇಳುತ್ತೇನೆ. ಇವರಿಗೆ ಹೇಳಲಾರೆ. ನಿಮ್ಮ ಸಲುವಾಗಿ ಬಳೆ ಒಡೆಯಲಿಲ್ಲ ಎಂದರೆ ಆ ಮನುಷ್ಯ ಉಳಿಯುವುದಿಲ್ಲ.

ಬಳೆಯ ಆಸೆ ದೊಡ್ಡದೇ ಎಂದು ಕೇಳಿದೆಯಲ್ಲ. ದೊಡ್ಡದೇ ಕೂಸೇ. ನಾನು ಅದಕ್ಕೆ ಕೈ ಕೊಟ್ಟೆ. ನಿನ್ನ ಕಾಲಿಗೆ ಬೀಳುತ್ತೇನೆ, ನೀನು ಕೊಡಬೇಡ. 1.9 ಬಿಸಿಲಿಗೆ ಬರುವುದಿಲ್ಲ. ಬೋಳು ಕೈಯಲ್ಲೇ ಹಸೆಗೆ ಕೂಡು, ಯಾರು ಏನಂದರೂ ಅನ್ನಲಿ. ಆ ದಿನ ಬದುಕಿದ್ದರೆ ನಾನೇ ಪಕ್ಕದಲ್ಲಿ ಕೂತು ಅವರ ಬಾಯಿ ಮುಚ್ಚಿಸುತ್ತೇನೆ.

ದಸರಾಕ್ಕೆ ಇನ್ನೂ ಹದಿನೈದು ದಿನವಿದೆ. ಬೇಡವೆಂದು ಬರೆದು ತಿಳಿಸು. ಆ ದಿನವೇ ಬಟ್ಟೆಗೆ ಕತ್ತರಿ ಹಾಕುತ್ತೇನೆ.

ಐದನೇ ಹಾಸಿಗೆ


ಕುಷ್ಟಗಿ,
24 ಸೆಪ್ಟೆಂಬರ್ 2025

ನನ್ನ ರೂಪಕ್ಕ,

ನಿನ್ನ ಪತ್ರ ಶನಿವಾರ ಬಂತು. ಕಚೇರಿಯ ಹಿಂದಿನ ಬೇವಿನ ಮರದ ಕೆಳಗೆ ಹೋಗಿ ಓದಿದೆ. ಎಷ್ಟು ಸಲ ಓದಿದೆ ಎಂದು ಹೇಳುವುದಿಲ್ಲ.

ಬೇಡ. ಮಾಡಿಸುವುದಿಲ್ಲ. ಹುಬ್ಬಳ್ಳಿಗೆ ಫೋನ್ ಮಾಡಿ ಹೇಳಿದ್ದೇನೆ. ಅವ್ವನಿಗೂ ಏನೋ ಒಂದು ಹೇಳಿ ಒಪ್ಪಿಸಿದ್ದೇನೆ. ಗೌರೀಶರು, "ನಾ ಏನ ಕೈ ಕೂಡ ಲಗ್ನ ಆಗಾಕತ್ತಿಲ್ಲ" ಅಂದರು. ನೀನು ನಗಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ನೀನು ಮುತ್ತು ಕೊಟ್ಟ ದುಂಬಿ ಚೆನ್ನಾಗಿದೆ. ಈಗ ಎಡಗೈಯನ್ನು ಕಾಗದದ ಮೇಲಿಟ್ಟು ಬರೆಯುತ್ತಿದ್ದೇನೆ. ಅದರ ಗುಂಯ್ ಸಪ್ಪಳಕ್ಕೆ ಕಾಗದ ಸಣ್ಣಗೆ ನಡುಗುತ್ತಿದೆ. ಅಕ್ಷರ ಸೊಟ್ಟಗಾದರೆ ಅದಕ್ಕೇ ಎಂದು ತಿಳಿ.

ತೋಳು ಮುಂಗೈವರೆಗೇ ಇರಲಿ, ಎಡತೋಳು ಹಳೆಯ ಅಳತೆಯಲ್ಲೇ ಹೊಲಿ. ಎರಡು ಇಂಚು ಸಡಿಲ.

ನೀನು ಜ್ವರ ಬರಿಸಿಕೊಳ್ಳಬೇಡ. ಹಸೆಯ ಪಕ್ಕದ ಜಾಗ ನಿನ್ನದು.

ನಿನ್ನ,
ನಾಲ್ಕನೇ ಹಾಸಿಗೆ


ಹಿಟ್ನಾಳ,
14 ಅಕ್ಟೋಬರ್ 2025

ತಂಗಿ ಶ್ವೇತಾಳಿಗೆ ಮರಿಸ್ವಾಮಿ ಮಾಡುವ ನಮಸ್ಕಾರಗಳು.

ನನಗೆ ಬರೆದು ರೂಢಿಯಿಲ್ಲ. ಪಂಚಾಯಿತಿಯಲ್ಲಿ ನೀರು ಬಿಡುವವನು, ಹಾಜರಿ ಪುಸ್ತಕದಲ್ಲಿ ಸಹಿ ಬಿಟ್ಟರೆ ಪೆನ್ನು ಹಿಡಿಯುವುದಿಲ್ಲ. ರೂಪಾ ಈ ತಿಂಗಳು ನಾಲ್ಕನೇ ತಾರೀಖು ಶನಿವಾರ ಮಧ್ಯಾಹ್ನ ಹೋದಳು. ನಂಜು ರಕ್ತಕ್ಕೆ ಏರಿತ್ತು ಅಂದರು. ನಿಮಗೆ ಫೋನ್ ಮಾಡಲು ಮೂರು ಸಲ ನಂಬರು ಒತ್ತಿ, ರಿಂಗಾಗುವ ಮೊದಲೇ ಕಟ್ ಮಾಡಿದೆ. ತಪ್ಪು ತಿಳಿಯಬೇಡಿ.

ನಿಮ್ಮ ಕೊನೆಯ ಕಾಗದ ಬಂದ ದಿನ ಅವಳಿಗೆ ಕಣ್ಣು ಮಂಜಾಗಿತ್ತು. ನಾನೇ ಓದಿದೆ. ಎರಡು ಸಲ ಓದಿಸಿದಳು. ಕಾಗದ ನಡುಗುತ್ತದೆ ಎಂಬಲ್ಲಿ ಕಾಗದವನ್ನು ಇಸಿದುಕೊಂಡು ಕೆನ್ನೆಗೆ ಹಿಡಿದಳು. ಅಂದೇ ಬಟ್ಟೆ ತೆಗೆಸಿದಳು. ಕಾಲು ಬಾತಿದ್ದರಿಂದ ಮಷಿನ್ನಿನ ಪೆಡಲನ್ನು ನಾನು ಕೂತು ತುಳಿದೆ, ಬಟ್ಟೆಯನ್ನು ಅವಳು ನಡೆಸಿದಳು. "ಸಾವಕಾಶ ತುಳೀರಿ, ನೀರ ಬಿಡಾಕತ್ತಿಲ್ಲ ನೀವು" ಅಂತ ಬೈದಳು. ನಾಲ್ಕು ದಿನ ಹಿಡಿಯಿತು. ಕೊಂಡಿ ಹಚ್ಚುವುದು ಮಾತ್ರ ಉಳಿದಿದೆ. ಜಂಪರನ್ನು ಇದರ ಜೊತೆ ಕಳಿಸಿದ್ದೇನೆ.

ಹೋಗುವ ಮುಂಚಿನ ಸೋಮವಾರ ಆ ಸಿದ್ದೇಶನನ್ನು ಹತ್ತಿರ ಕರೆದು ಏನೋ ಹೇಳಿದಳು. ಅವನು ಹೊರಗೆ ಹೋಗಿ ಅತ್ತ. ನನಗೆ ಏನೆಂದು ಹೇಳಲಿಲ್ಲ. ಮಣ್ಣಿಗೆ ಬಂದಿದ್ದ, ಹೆಗಲು ಕೊಟ್ಟ.

ಮುತ್ತೈದೆಯಾಗಿ ಹೋದಳು. ಸರ್ದಾರಬೀ ತಾನಾಗೇ ಬಂದು ಎರಡೂ ಕೈ ತುಂಬ ಹಸಿರು ಬಳೆ ಇಟ್ಟಳು. ಎಡಗೈಗೆ ಇಡುವಾಗ ಎಲ್ಲಿ ಒತ್ತುತ್ತದೋ ಎಂದು ನಾನು ಅವಳ ಕೈ ಹಿಡಿದುಬಿಟ್ಟೆ. ಎಲ್ಲರೂ ನನ್ನನ್ನೇ ನೋಡಿದರು.

ತಂಗಿ, ಒಂದು ಕೇಳಿಕೆ ಇದೆ. ಮುಂಚೆ ಅವಳ ಕೈ ಛಲೋ ಇದ್ದಾಗ ದಿನಾ ಅದಕ್ಕೆ ಕಿವಿ ಇಡುತ್ತಿದ್ದೆ. ನೀರು ಬಂತೋ ಇಲ್ಲವೋ ಎಂದು ಪೈಪಿಗೆ ಕಿವಿ ಇಟ್ಟು ನೋಡುವುದು ನನ್ನ ಕಸುಬಲ್ಲವೇ, ಹಾಗೆ. ಆ ಸಪ್ಪಳ ನಿಂತು ಮೂರು ವರ್ಷವಾಯಿತು. ನಿಮ್ಮ ಕೈಯಲ್ಲಿ ಅದು ಇನ್ನೂ ಇದೆ ಎಂದು ಅವಳು ಸಮಾಧಾನದಲ್ಲಿ ಹೋದಳು. ಬಂದಾಗ ಒಂದು ಸಲ ನನಗೆ ಕೇಳಿಸಿರಿ. ಬೇರೇನೂ ಬೇಡ.

ಇಂತಿ,
ಮರಿಸ್ವಾಮಿ


ಕುಷ್ಟಗಿ,
8 ಡಿಸೆಂಬರ್ 2025

ಮರಿಸ್ವಾಮಿ ಅಣ್ಣನವರಿಗೆ,

ಎಂಟು ವಾರ ನಿಮಗೆ ಉತ್ತರ ಬರೆಯಲಿಲ್ಲ. ದಿನದ ಕಾರ್ಯಕ್ಕೂ ಬರಲಿಲ್ಲ. ಎರಡು ಸಲ ಬಸ್ಸು ಹತ್ತಿ ಹಿಟ್ನಾಳದವರೆಗೆ ಬಂದೆ, ಇಳಿಯಲಿಲ್ಲ. ಕೇಳಿಸಲು ನನ್ನ ಕೈಯಲ್ಲಿ ಏನೂ ಇಲ್ಲ ಅಣ್ಣ.

ದಸರಾ ಆದ ಮೇಲೆ ಎಂದು ರೂಪಕ್ಕನಿಗೆ ಬರೆದಿದ್ದೆ. ಸೆಪ್ಟೆಂಬರ್ ಮೊದಲ ವಾರ ಹುಬ್ಬಳ್ಳಿಯಿಂದ ಫೋನ್ ಬಂತು, ಹನ್ನೊಂದನೇ ತಾರೀಖು ಒಂದು ಜಾಗ ತೆರವಾಗಿದೆ, ಬರುತ್ತೀರಾ ಎಂದು. ಅವಳಿಂದ ಉತ್ತರವಿರಲಿಲ್ಲ. ತಡೆಯುವವರು ಯಾರೂ ಇಲ್ಲದ ಹೊತ್ತು ನೋಡಿ ಹೋದೆ. ಡಾಕ್ಟರು ಕೊನೇ ಗಳಿಗೆಯಲ್ಲೂ ಇನ್ನೊಮ್ಮೆ ಬೇಡ ಅಂದರು. ನಾನೇ ಸಹಿ ಮಾಡಿದೆ. ಅವಳು ನನಗೆ ಬೇಡವೆಂದು ಬರೆಯಲು ಕೂತದ್ದು ಹದಿನೈದಕ್ಕೆ. ಆಗಲೇ ನಾಲ್ಕು ದಿನವಾಗಿತ್ತು. ಬೇವಿನ ಮರದ ಕೆಳಗೆ ಅವಳ ಪತ್ರ ಓದುವಾಗ ನನ್ನ ಎಡಗೈಗೆ ಪಟ್ಟಿ ಕಟ್ಟಿತ್ತು.

ನಿಜ ಬರೆಯಲು ಮೂರು ಕಾಗದ ಹಾಳು ಮಾಡಿದೆ. ಅವಳು ತೊಡೆಯಲ್ಲಿ ನಳಿಕೆ ಇಟ್ಟುಕೊಂಡು ಮಲಗಿದ್ದಾಳೆ, ಆಗಿಹೋಯಿತು ಎಂದು ಹೇಗೆ ಬರೆಯಲಿ? ಅದಕ್ಕಾಗಿ ದುಂಬಿ ಇನ್ನೂ ಇದೆ ಎಂದು ಬರೆದೆ. ಕಾಗದ ನಡುಗಿದ್ದು ನಿಜ. ನಡುಗಿದ್ದು ಬಲಗೈ.

ಮದುವೆ ಆಯಿತು. ಹಿಂದಿನ ದಿನ ಬಳೆಗಾರ್ತಿ ಬಂದಳು. ಬಲಗೈ ಆದ ಮೇಲೆ ಎಡಗೈ ಕೊಟ್ಟೆ. ಹನ್ನೆರಡು ಹಸಿರು ಬಳೆ ಎಲ್ಲೂ ತಡೆಯದೆ ಏರಿದವು. ಅವ್ವ ನೋಡಿ ದೃಷ್ಟಿ ತೆಗೆದಳು. ನಾನು ಆಸೆಪಟ್ಟದ್ದು ಇದೇ ಅಲ್ಲವೇ ಎಂದು ನನ್ನನ್ನೇ ಕೇಳಿಕೊಂಡೆ. ಹೌದು, ಇದೇ. ಕೈ ಚಂದ ಕಂಡಿತು. ಆ ಚಂದವನ್ನು ನೋಡುತ್ತಾ ಅಷ್ಟು ಹೆಂಗಸರ ನಡುವೆ ಗಟ್ಟಿಯಾಗಿ ಅತ್ತುಬಿಟ್ಟೆ. ತವರು ಬಿಡುವ ದುಃಖ ಎಂದು ಎಲ್ಲರೂ ಬೆನ್ನು ಸವರಿದರು.

ಹೋದ ವಾರ ಕ್ರಿಯಾಟಿನಿನ್ 4.6. ಬೇಸಿಗೆಯೊಳಗೆ ಯಂತ್ರಕ್ಕೆ ಬರಬೇಕಾಗಬಹುದು ಅಂದಿದ್ದಾರೆ. ಡಾಕ್ಟರು ಬಲಗೈ ಚಾಚಿಸಿ ಪೆನ್ನಿನಿಂದ ಗೆರೆ ಎಳೆದು ರಕ್ತನಾಳ ಹುಡುಕಿದರು. ಸಣ್ಣದಿದೆ, ಆಗುತ್ತದೋ ಇಲ್ಲವೋ ನೋಡೋಣ ಅಂದರು. ಅವ್ವನಿಗೆ ಗೌರೀಶರೇ ಹೇಳಿದರು. ಅವಳು ಆಪರೇಷನ್ ಆದ ತನ್ನ ಪಕ್ಕೆ ಒತ್ತಿಕೊಂಡು ಸಂಜೆಯವರೆಗೂ ಹೊಸ್ತಿಲ ಮೇಲೆ ಕೂತಿದ್ದಳು.

ಈ ಶುಕ್ರವಾರ ನಾನೂ ಗೌರೀಶರೂ ಹಿಟ್ನಾಳಕ್ಕೆ ಬರುತ್ತೇವೆ. ಈ ಸಲ ಬಸ್ಸು ಇಳಿಯುತ್ತೇನೆ. ನೀವು ಬೈಯಬೇಕು, ಅವಳ ಪಾಲಿನದನ್ನೂ ಸೇರಿಸಿ.

ಅವಳು ಹೊಲಿದ ಜಂಪರನ್ನೇ ಧಾರೆಗೆ ಹಾಕಿಕೊಂಡೆ. ಕೊಂಡಿ ನಾನೇ ಹಚ್ಚಿದೆ. ಬಲತೋಳು ಮೈಗೆ ಹಿಡಿದಂತೆ ಕೂತಿತು. ಎಡತೋಳು ಎರಡು ಇಂಚು ಸಡಿಲ. ಅಕ್ಕಿಕಾಳು ಹಾಕಿಸಿಕೊಳ್ಳಲು ಬಗ್ಗಿದಾಗಲೆಲ್ಲ ಅದು ಜೋತು ಬೀಳುತ್ತಿತ್ತು. ದುರಗಮ್ಮನವರು ಹತ್ತಿರ ಬಂದು ಮೆಲ್ಲಗೆ, "ಈ ತೋಳು ಯಾಕವ್ವಾ ಹಿಂಗ? ಪಿನ್ ಹಾಕ್ಲೇನು? ದರ್ಜಿ ಅಳತಿ ತಪ್ಪ್ಯಾಳ" ಅಂದರು.

"ಆಕಿ ತಪ್ಪಿಲ್ರಿ ಅತ್ತಿ" ಅಂದೆ. ಪಿನ್ನು ಹಾಕಿಸಿಕೊಳ್ಳಲಿಲ್ಲ.

ನಿಮ್ಮ ತಂಗಿ,
ನಾಲ್ಕನೇ ಹಾಸಿಗೆ
(ಶ್ವೇತಾ)